ಭಟ್ಟರು ಕದ್ದರಾ? ಹೋಟೆಲ್ ಅಕೌಂಟ್ಸ್ ಪಾಠಕ್ಕೆ ಕೇಸ್ ಕಟ್ಟುವ ಬಗೆ

ನಮ್ಮ ಸ್ಟಾಫ್‌ರೂಮಿನ ಬೀರುವಿನಲ್ಲಿ ಜವಳಿ ಅಂಗಡಿಯ ಒಂದು ಹಳೇ ಕೈಚೀಲ ಇದೆ. ಅದರೊಳಗೆ ಒಂದು ಹೋಟೆಲಿನ ಜೂನ್ ತಿಂಗಳು ಇದೆ. ಆ ತಿಂಗಳ ಖರೀದಿ ಚೀಟಿಗಳು, ಗ್ಯಾಸ್ ಏಜೆನ್ಸಿಯ ಬಿಲ್ಲುಗಳು, ಹಾಜರಿ ಪುಸ್ತಕದ ಜೆರಾಕ್ಸು, ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ ಸ್ಟಾಕ್ ಪಟ್ಟಿ. ಒಂದೆರಡು ಚೀಟಿಗೆ ಎಣ್ಣೆ ಹತ್ತಿದೆ. ಹೋಟೆಲ್ ಮ್ಯಾನೇಜ್‌ಮೆಂಟಿನ ಮಕ್ಕಳಿಗೆ ಫುಡ್ ಕಾಸ್ಟ್, ಅಂದರೆ ನೂರು ರೂಪಾಯಿ ಮಾರಾಟಕ್ಕೆ ಅಡುಗೆ ಸಾಮಾನು ಎಷ್ಟು ರೂಪಾಯಿಯದ್ದು ಹೋಯಿತು ಎಂಬ ಲೆಕ್ಕದ ಪಾಠ ಇರುವ ದಿನ ಪುಸ್ತಕ ಬಿಟ್ಟು ಈ ಚೀಲವನ್ನೇ ಎತ್ತಿಕೊಂಡು ಹೋಗುತ್ತೇನೆ.

ಮೊದಲಿಂದ ಹೀಗಿರಲಿಲ್ಲ. ಹನ್ನೊಂದು ವರ್ಷ ಹೋಟೆಲುಗಳ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕೂತು, ಇನ್‌ಕಮ್ ಆಡಿಟ್, ಆಮೇಲೆ ಫುಡ್ ಅಂಡ್ ಬೆವರೇಜ್ ಕಂಟ್ರೋಲ್ ಮಾಡಿ, ನಂತರ ಪಾಠ ಹೇಳಲು ಬಂದವಳು ನಾನು. ಬಂದ ಹೊಸತರಲ್ಲಿ ನನ್ನ ಪಾಠ ಎಲ್ಲರ ಪಾಠದಂತೆಯೇ ಇತ್ತು: ಬೋರ್ಡಿನ ಮೇಲೆ ಸೂತ್ರ, ಕೆಳಗೆ ಐದು ಲೆಕ್ಕ, ಮನೆಗೆ ಇನ್ನೈದು. ಮಕ್ಕಳು ಚೆನ್ನಾಗಿಯೇ ಮಾಡುತ್ತಿದ್ದರು. ಒಂದು ಸಲ ಇಂಟರ್ನ್‌ಶಿಪ್ ಮುಗಿಸಿ ಬಂದ ಹುಡುಗಿಯೊಬ್ಬಳು, ತರಗತಿಗೆ ಮೊದಲು ಬಂದವಳು, ಹೇಳಿದಳು: ‘ಮೇಡಂ, ಅಲ್ಲಿ ಯಾರೂ ಓಪನಿಂಗ್ ಸ್ಟಾಕ್ ಇಷ್ಟು ಅಂತ ಹೇಳಲೇ ಇಲ್ಲ. ಉಗ್ರಾಣದ ಬೀಗದ ಕೈ ಕೊಟ್ಟು ಹೋಗಿ ನೋಡು ಅಂದ್ರು.’ ಪರೀಕ್ಷೆಯಲ್ಲಿ ನಾವು ಅಂಕಿಗಳನ್ನು ಸಿಪ್ಪೆ ಸುಲಿದು ತಟ್ಟೆಗೆ ಹಾಕಿ ಕೊಡುತ್ತೇವೆ. ಸುಲಿಯುವುದೇ ಅಲ್ಲಿ ಕೆಲಸ ಎಂಬುದು ಅವಳಿಗೆ ಎಂಟು ವಾರದಲ್ಲಿ ಗೊತ್ತಾಗಿತ್ತು.

ಆಮೇಲೆ ಉತ್ಸಾಹದಲ್ಲಿ ಹದಿನಾಲ್ಕು ಪುಟದ ಕೇಸ್ ಬರೆದೆ. ಕೋರ್ಟಿನ ಕೇಸಲ್ಲ, ಒಂದು ವ್ಯಾಪಾರದ ಇಕ್ಕಟ್ಟನ್ನು ಕಥೆಯಾಗಿ ಮುಂದಿಟ್ಟು ಮಕ್ಕಳಿಂದಲೇ ಬಿಡಿಸುವ ಪಾಠ. ಹೋಟೆಲಿನ ಇತಿಹಾಸ, ಊರಿನ ಹವಾಮಾನ, ಮಾಲೀಕರ ಅಜ್ಜನ ಕಾಲದ ಕಥೆ, ಚಂದದ ಕೋಷ್ಟಕಗಳು ಎಲ್ಲಾ ಇದ್ದವು. ತರಗತಿಯಲ್ಲಿ ಯಾರೂ ಓದಿ ಬಂದಿರಲಿಲ್ಲ. ನಾನೇ ಪ್ರಶ್ನೆ ಕೇಳಿ, ನಾನೇ ಉತ್ತರ ಹೇಳಿ, ಬೆಲ್ ಹೊಡೆದಾಗ ಬೆವರು ಒರೆಸಿಕೊಂಡು ಹೊರಗೆ ಬಂದೆ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲು 1921ರಲ್ಲಿ ಒಂದು ಶೂ ಕಂಪನಿಯ ಮೇಲೆ ತನ್ನ ಮೊದಲ ಕೇಸ್ ಬರೆಸಿದ್ದು, ಆ ಪದ್ಧತಿ ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿದ್ದು ನಿಜ. ಆದರೆ ಅಲ್ಲಿಯ ಉದ್ದನೆಯ ಕೇಸುಗಳನ್ನು ನಮ್ಮ ಮಕ್ಕಳ ಮುಂದಿಟ್ಟರೆ ಅವರಿಗೆ ಇಂಗ್ಲಿಷ್ ಓದುವುದೇ ಪಾಠವಾಗುತ್ತದೆ, ಲೆಕ್ಕ ಆಚೆ ಉಳಿಯುತ್ತದೆ. ಒಂದೂವರೆ ಪುಟ ಕಥೆ, ಹತ್ತು-ಹದಿನೈದು ಹಾಳೆ ಚೀಟಿ. ಇಷ್ಟು ಸಾಕು ಎನ್ನುವುದಕ್ಕೆ ಬರಲು ನನಗೆ ಮೂರು ವರ್ಷ ಹಿಡಿಯಿತು. ಪಾಠ ಹೇಳುವ ನಿಮಗೆ ಆ ಮೂರು ವರ್ಷ ಉಳಿಯಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಚೀಟಿ ಕೇಳಲು ಹೋಗಿ

ಕೇಸನ್ನು ಮೇಜಿನ ಮುಂದೆ ಕೂತು ಕಲ್ಪಿಸಿ ಬರೆಯಬೇಡಿ. ಕಲ್ಪಿಸಿದ ಲೆಕ್ಕ ಯಾವಾಗಲೂ ತಾಳೆಯಾಗುತ್ತದೆ. ನಿಜವಾದ ಹೋಟೆಲಿನ ಲೆಕ್ಕ ಮೊದಲ ಸಲಕ್ಕೆ ತಾಳೆಯಾದದ್ದನ್ನು ನಾನು ನೋಡಿಲ್ಲ.

ದೊಡ್ಡ ಚೈನ್ ಹೋಟೆಲಿಗೆ ಹೋದರೆ ಪರ್ಮಿಷನ್ ಕೇಳುವುದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ. ನಿಮ್ಮ ಹಳೇ ವಿದ್ಯಾರ್ಥಿ ಕೆಲಸಕ್ಕಿರುವ, ಇಪ್ಪತ್ತು-ಇಪ್ಪತ್ತೈದು ಜನ ದುಡಿಯುವ ಉಪಾಹಾರ ಗೃಹವೋ ನಲವತ್ತು ರೂಮಿನ ಲಾಡ್ಜೋ ನೋಡಿಕೊಳ್ಳಿ. ಯಜಮಾನರ ಬಳಿ ಮಧ್ಯಾಹ್ನ ಮೂರೂವರೆಗೆ ಹೋಗಿ. ಊಟದ ಗಲಾಟೆ ಮುಗಿದಿರುತ್ತದೆ, ಸಂಜೆ ಕಾಫಿಯದು ಶುರುವಾಗಿರುವುದಿಲ್ಲ, ಅವರು ಗಲ್ಲಾದ ಹಿಂದೆ ಸ್ವಲ್ಪ ಕಾಲು ಚಾಚಿ ಕೂತಿರುತ್ತಾರೆ. ‘ನಿಮ್ಮ ಲಾಭ ಎಷ್ಟು’ ಎಂದು ಕೇಳಿದರೆ ಬಾಗಿಲು ಅಲ್ಲಿಗೇ ಮುಚ್ಚಿತು. ನಾನು ಕೇಳುವುದು ಒಂದೇ: ‘ಸಾರ್, ಈ ಲೆಕ್ಕ ಯಾಕೆ ಹೀಗೆ ಬಂತು ಅಂತ ಯಾವತ್ತಾದ್ರೂ ನಿಮಗೆ ನಿದ್ದೆ ಕೆಟ್ಟಿತ್ತಾ?’ ಇದಕ್ಕೆ ಎಲ್ಲರ ಬಳಿಯೂ ಒಂದು ಕಥೆ ಇರುತ್ತದೆ. ಮುಂದೆ ಚೀಟಿ ತಾನಾಗಿ ಹೊರಗೆ ಬರುತ್ತದೆ.

ಹೆಸರು, ಊರು, ಜಿಎಸ್‌ಟಿ ನಂಬರು, ಸಪ್ಲೈಯರ್‌ಗಳ ಫೋನ್ ನಂಬರು ಎಲ್ಲಾ ಅಳಿಸಬೇಕು. ಮೊತ್ತಗಳನ್ನೂ ಮರೆಸಬೇಕಾದರೆ ಎಲ್ಲಕ್ಕೂ ಒಂದೇ ಸಂಖ್ಯೆಯಿಂದ, ಉದಾಹರಣೆಗೆ 0.85ರಿಂದ, ಗುಣಿಸಿ. ಶೇಕಡಾವಾರು ಲೆಕ್ಕ ಕದಲುವುದಿಲ್ಲ. ಇಲ್ಲೊಂದು ಪೆಟ್ಟು ತಿಂದಿದ್ದೇನೆ. ಹಾಗೆ ಗುಣಿಸಿದಾಗ ನನ್ನ ಗ್ಯಾಸ್ ಬಿಲ್ಲಿನಲ್ಲಿ 29.75 ಸಿಲಿಂಡರ್ ಬಂದಿತ್ತು. ಹಿಂದಿನ ಬೆಂಚಿನ ಹುಡುಗ ಎದ್ದು, ‘ಮೇಡಂ, ಮುಕ್ಕಾಲು ಸಿಲಿಂಡರ್ ಯಾವ ಏಜೆನ್ಸಿ ಕೊಡುತ್ತೆ?’ ಅಂದ. ಎಣಿಸಬಹುದಾದ ವಸ್ತುಗಳನ್ನು, ಸಿಲಿಂಡರ್, ಎಣ್ಣೆ ಡಬ್ಬ, ಆಳುಗಳು, ಕೊನೆಗೆ ಕೈಯಿಂದ ಸರಿಪಡಿಸಿ.

ಚೀಲದ ಕೇಸು

ನಾನು ಹೆಚ್ಚು ಸಲ ಪಾಠ ಮಾಡಿದ ಕೇಸನ್ನೇ ಪೂರ್ತಿ ಬಿಚ್ಚಿಡುತ್ತೇನೆ. ಬೇಕಾದರೆ ಹಾಗೇ ಬಳಸಿಕೊಳ್ಳಿ.

ಒಂದು ಸಸ್ಯಾಹಾರಿ ಉಪಾಹಾರ ಗೃಹ. ಎಸಿ ಇಲ್ಲ, ಆ್ಯಪ್‌ಗಳಲ್ಲಿ ಮಾರಾಟ ಇಲ್ಲ. ಹಿಂದಿನ ತಿಂಗಳುಗಳಲ್ಲಿ ಫುಡ್ ಕಾಸ್ಟ್ ಶೇ. 33–34ರಲ್ಲಿ ನಿಂತಿತ್ತು. ಜೂನ್ ಲೆಕ್ಕ ಶೇ. 40 ಎಂದು ಬಂದಿದೆ. ಜೂನ್ 1ಕ್ಕೆ ಹೊಸ ಅಡುಗೆ ಭಟ್ಟರು ಸೇರಿದ್ದಾರೆ. ಯಜಮಾನರಿಗೆ ಅನುಮಾನ: ಉಗ್ರಾಣದಿಂದ ಎಣ್ಣೆ, ಉದ್ದು ಹಿಂಬಾಗಿಲಲ್ಲಿ ಹೋಗುತ್ತಿದೆ. ನಾಳೆ ಬೆಳಿಗ್ಗೆ ಐದಕ್ಕೆ ಭಟ್ಟರು ದೋಸೆ ಕಲ್ಲು ಕಾಯಿಸಲು ಬರುತ್ತಾರೆ. ಅಷ್ಟರೊಳಗೆ ಅವರನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಹೇಳಿ ಎಂದು ಯಜಮಾನರು ನಿಮ್ಮನ್ನು, ಅಂದರೆ ವಿದ್ಯಾರ್ಥಿಯನ್ನು, ರಾತ್ರಿ ಒಂಬತ್ತಕ್ಕೆ ಕೂರಿಸಿದ್ದಾರೆ. ಕಥೆಯ ಮಧ್ಯೆ ಎಲ್ಲೋ ಒಂದು ಸಾಲು: ಮೂವತ್ತು ವರ್ಷ ಲೆಕ್ಕ ಬರೆದ ರಾಯರು ಮೇ ಕೊನೆಗೆ ಕೆಲಸ ಬಿಟ್ಟರು, ಅವರ ಜಾಗಕ್ಕೆ ಬಿ.ಕಾಂ. ಮುಗಿಸಿದ ಹುಡುಗ ಬಂದಿದ್ದಾನೆ, ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಂಟ್ರಿ ಮಾಡುತ್ತಾನೆ.

ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕಬೇಡಿ. ನಾನು ಅದನ್ನು ಹೋಟೆಲಿನ ಬಣ್ಣ, ಬೆಂಚು, ಗಣಪತಿ ಫೋಟೋದ ವರ್ಣನೆಯ ನಡುವೆ ತುರುಕಿರುತ್ತೇನೆ.

ಚೀಲದಲ್ಲಿ ಸಿಗುವ ಅಂಕಿಗಳು ಇವು. ಮೇ 31ರ ಸ್ಟಾಕು ₹1,12,000. ಟ್ಯಾಲಿಯಲ್ಲಿ ‘ಪರ್ಚೇಸ್’ ಖಾತೆಯ ಮೊತ್ತ ₹5,46,000. ಜೂನ್ 30ರ ಸ್ಟಾಕು, ಆ ಕ್ಯಾಲೆಂಡರ್ ಹಾಳೆಯದ್ದು, ₹98,000. ಬಿಲ್ಲಿಂಗ್ ಮೆಷಿನ್ನಿನ ತಿಂಗಳ ರಿಪೋರ್ಟಿನಲ್ಲಿ ಒಟ್ಟು ವಸೂಲಿ ₹14,70,000.

ಮೊದಲ ಹತ್ತು ನಿಮಿಷದಲ್ಲಿ ಅರ್ಧ ತರಗತಿ ಮಾಡುವ ಲೆಕ್ಕ: 1,12,000ಕ್ಕೆ 5,46,000 ಕೂಡಿಸಿ 98,000 ಕಳೆದರೆ ಬಳಕೆ ₹5,60,000. ಇದನ್ನು 14,70,000ದಿಂದ ಭಾಗಿಸಿದರೆ ಶೇ. 38.1. ‘ಯಜಮಾನರ ಲೆಕ್ಕವೇ ತಪ್ಪು ಮೇಡಂ, ನಲವತ್ತಲ್ಲ’ ಎಂದು ಗೆದ್ದವರಂತೆ ಕೈ ಎತ್ತುತ್ತಾರೆ. ಎತ್ತಲಿ. ನಾನು 38.1 ಎಂದು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಲ್ಲುತ್ತೇನೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರಿಗೆ ಹೊಳೆಯುತ್ತದೆ: ವಸೂಲಿಯಲ್ಲಿ ಶೇ. 5 ಜಿಎಸ್‌ಟಿ ಸೇರಿದೆ, ₹70,000 ಸರ್ಕಾರದ್ದು, ಹೋಟೆಲಿನ ಮಾರಾಟ ₹14,00,000 ಮಾತ್ರ. ಅಲ್ಲಿಗೆ ಮತ್ತೆ ಶೇ. 40. ಗೆದ್ದವರು ಕೂತುಕೊಳ್ಳುತ್ತಾರೆ. ಗಿರಾಕಿಯಿಂದ ತೆಗೆದುಕೊಂಡ ತೆರಿಗೆ ನಮ್ಮ ಆದಾಯವಲ್ಲ ಎನ್ನುವುದನ್ನು ಈ ಹತ್ತು ನಿಮಿಷದ ಮುಜುಗರ ಕಲಿಸಿದಷ್ಟು ನನ್ನ ಯಾವ ನೋಟ್ಸೂ ಕಲಿಸಿಲ್ಲ.

ಈಗ ಚೀಟಿ ಹುಡುಕುವ ಆಟ. ‘ಪರ್ಚೇಸ್’ ಖಾತೆಯಲ್ಲಿ ನಲವತ್ತೊಂದು ಎಂಟ್ರಿ. ಮಂಡಿ, ಹಾಲು, ತರಕಾರಿ, ಎಣ್ಣೆ, ಕಾಫಿಪುಡಿ. ನಡುವೆ ಒಂದು ಏಜೆನ್ಸಿಯ ಹೆಸರಿನಲ್ಲಿ ನಾಲ್ಕು ಎಂಟ್ರಿ, ಒಟ್ಟು ₹63,000. ಹೆಸರು ನೋಡಿದರೆ ದಿನಸಿ ಅಂಗಡಿಯೋ ಏನೋ ಅನ್ನಿಸಬೇಕು. ಚೀಟಿ ತೆಗೆದು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ: 19 ಕೆ.ಜಿ. ಕಮರ್ಷಿಯಲ್ ಸಿಲಿಂಡರ್ 35, ಒಂದಕ್ಕೆ ₹1,800. ರಾಯರು ಗ್ಯಾಸನ್ನು ಬೇರೆ ಖಾತೆಗೆ ಹಾಕುತ್ತಿದ್ದರು. ಹೊಸ ಹುಡುಗ, ಅಡುಗೆಮನೆಗೆ ಬಂದದ್ದೆಲ್ಲ ಪರ್ಚೇಸ್ ಎಂದುಕೊಂಡಿದ್ದಾನೆ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಹಾಜರಿ ಪುಸ್ತಕದಲ್ಲಿ 22 ಜನ. ಎಲ್ಲರಿಗೂ ತಿಂಡಿ, ಊಟ ಹೋಟೆಲಿನಲ್ಲೇ. ರಾಯರ ಹಳೇ ಲೆಕ್ಕದ ಹಾಳೆಯಲ್ಲಿ ‘ಆಳು ಊಟ ದಿನಕ್ಕೆ ತಲೆಗೆ 50’ ಎಂದು ಮೂಲೆಯಲ್ಲಿ ಬರೆದಿದೆ. 22 ಜನ, 30 ದಿನ, ₹50: ಒಟ್ಟು ₹33,000. ಇದೂ ಗಿರಾಕಿಗೆ ಮಾರಿದ ತಿಂಡಿಯ ಖರ್ಚಲ್ಲ. ಅದು ಸಂಬಳದ ಪಕ್ಕ ಕೂರಬೇಕಾದದ್ದು. ನ್ಯೂಯಾರ್ಕಿನ ಹೋಟೆಲ್ ಸಂಘದವರು 1926ರಲ್ಲೇ ವಸತಿ ಹೋಟೆಲುಗಳಿಗೆ ಒಂದು ಏಕರೂಪ ಲೆಕ್ಕ ಪದ್ಧತಿ ಹೊರತಂದರು. ‘ಯುಸಾಲಿ’ ಎಂದು ನಾವು ಕರೆಯುವ ಅದರ ಹನ್ನೆರಡನೇ ಆವೃತ್ತಿ 2026ರ ಜನವರಿ 1ರಿಂದ ಜಾರಿ. ಸಿಬ್ಬಂದಿ ಊಟವನ್ನು ಫುಡ್ ಕಾಸ್ಟಿನಿಂದ ಕಳೆದು ಸಿಬ್ಬಂದಿ ವೆಚ್ಚಕ್ಕೆ ಹಾಕು ಎಂದು ಅದೂ ಹೇಳುತ್ತದೆ. ರಾಯರು ಆ ಪುಸ್ತಕದ ಹೆಸರೂ ಕೇಳಿದವರಲ್ಲ, ಆದರೂ ಮೂವತ್ತು ವರ್ಷ ಅದನ್ನೇ ಮಾಡಿದ್ದರು. ಪುಸ್ತಕದ ಆ ಪುಟವನ್ನು ನಾನು ತೋರಿಸುವುದು ರಾಯರ ಹಾಳೆ ನೋಡಿಸಿದ ಮೇಲೆಯೇ. ತಿರುವುಮುರುವಾದರೆ ರುಚಿ ಇಲ್ಲ.

5,60,000ದಿಂದ 63,000 ಮತ್ತು 33,000 ಕಳೆದರೆ ₹4,64,000. ಶೇ. 33.1. ತರಗತಿಯಲ್ಲಿ ಚಪ್ಪಾಳೆ. ಭಟ್ಟರು ನಿರಪರಾಧಿ! ಮೊದಲ ಹತ್ತು ನಿಮಿಷದಲ್ಲಿ ‘ಸಿಸಿಟಿವಿ ಹಾಕಿಸಿ’ ಎಂದಿದ್ದವರೇ ಈಗ ಭಟ್ಟರಿಗೆ ಸಂಬಳ ಜಾಸ್ತಿ ಮಾಡಿಸಲು ತಯಾರು.

ಇಲ್ಲಿಗೇ ಬೆಲ್ ಹೊಡೆದರೆ ಕೇಸ್ ಅರ್ಧ ಕಲಿಸಿದಂತೆ. ಚೀಲದ ತಳದಲ್ಲಿ ಇನ್ನೆರಡು ಹಾಳೆ ಇವೆ. ಒಂದು ಎಣ್ಣೆ ವ್ಯಾಪಾರಿಯ ಡೆಲಿವರಿ ಚಲನ್, ಜೂನ್ 30ರ ಸಂಜೆಯದ್ದು, 12 ಡಬ್ಬ. ಇನ್ನೊಂದು ಅದರದ್ದೇ ಬಿಲ್ಲು, ₹25,200, ತಾರೀಖು ಜುಲೈ 1. ಡಬ್ಬಗಳು ಜೂನ್ 30ರ ರಾತ್ರಿ ಉಗ್ರಾಣದಲ್ಲಿದ್ದವು, ಕ್ಯಾಲೆಂಡರ್ ಹಾಳೆಯಲ್ಲಿ ಎಣಿಕೆಗೆ ಬಂದಿವೆ. ಬಿಲ್ಲು ಮಾತ್ರ ಜೂನ್ ಖರೀದಿಯಲ್ಲಿ ಇಲ್ಲ. ಅಂದರೆ ಖರೀದಿ ಲೆಕ್ಕಕ್ಕೆ ಬಾರದ ಎಣ್ಣೆ ಕೊನೆಯ ಸ್ಟಾಕಿನಲ್ಲಿ ಕೂತು ಬಳಕೆಯನ್ನು ಕಡಿಮೆ ತೋರಿಸುತ್ತಿದೆ. ಅದನ್ನು ಸರಿಪಡಿಸಿದರೆ 4,64,000ಕ್ಕೆ 25,200 ಸೇರಿ ₹4,89,200 ಆಗುತ್ತದೆ, ಶೇಕಡಾವಾರು 34.9ಕ್ಕೆ ಏರುತ್ತದೆ.

ಚಪ್ಪಾಳೆ ನಿಲ್ಲುತ್ತದೆ. ಹಳೆಯ ಮಟ್ಟವಾದ ಶೇ. 34ಕ್ಕೆ ಹೋಲಿಸಿದರೆ ₹13,200 ಹೆಚ್ಚು. ಇದು ಬೆಲೆ ಏರಿದ್ದೋ, ಹೊಸ ಭಟ್ಟರ ಕೈ ಎಣ್ಣೆಯಲ್ಲಿ ಸ್ವಲ್ಪ ಧಾರಾಳವೋ, ಹಿಟ್ಟು ಹುಳಿಯಾಗಿ ಚೆಲ್ಲಿದ್ದೋ, ಅಥವಾ ಯಜಮಾನರ ಅನುಮಾನವೇ ನಿಜವೋ? ಚೀಲದಲ್ಲಿ ಇದಕ್ಕೆ ಉತ್ತರ ಇಲ್ಲ. ನನ್ನ ಹತ್ತಿರವೂ ಇಲ್ಲ. ಹದಿನಾಲ್ಕು ಲಕ್ಷದ ವ್ಯಾಪಾರದಲ್ಲಿ ಹದಿಮೂರು ಸಾವಿರಕ್ಕೆ ಒಬ್ಬ ಮನುಷ್ಯನ ಮೇಲೆ ಕಳ್ಳತನ ಹೊರಿಸಬಹುದೇ, ಹಾಗೆಂದು ಕಣ್ಣು ಮುಚ್ಚಿಕೊಳ್ಳಬಹುದೇ ಎಂಬ ವಾದ ಇಲ್ಲಿಂದ ಶುರು. ಹೋಟೆಲ್ ಮನೆತನದ ಮಕ್ಕಳು ಸಾಮಾನ್ಯವಾಗಿ ಒಂದು ಕಡೆ, ಸಂಬಳದ ಮನೆಯ ಮಕ್ಕಳು ಇನ್ನೊಂದು ಕಡೆ ನಿಲ್ಲುತ್ತಾರೆ. ಅದನ್ನು ನೋಡುವುದೇ ಒಂದು ಚಂದ.

ತರಗತಿಯಲ್ಲಿ ನಿಮ್ಮ ಕೆಲಸ

ನಾಲ್ಕು ನಾಲ್ಕು ಜನರ ಗುಂಪು. ಐದಾದರೆ ಒಬ್ಬರು ಮೊಬೈಲ್ ನೋಡುತ್ತಾರೆ. ಒಂದು ಗುಂಪಿಗೆ ಒಂದೇ ಸೆಟ್ ಚೀಟಿ ಕೊಡಿ. ಒಬ್ಬೊಬ್ಬರಿಗೆ ಒಂದೊಂದು ಸೆಟ್ ಕೊಟ್ಟರೆ ಮಾತಿಲ್ಲದೆ ಕೂತು ಬರೆಯುತ್ತಾರೆ. ಹಂಚಿಕೊಂಡು ನೋಡಬೇಕಾದಾಗ ‘ಏ, ಆ ಗ್ಯಾಸ್ ಬಿಲ್ ಕೊಡೋ ಇಲ್ಲಿ’ ಎಂಬ ಮಾತು ಹುಟ್ಟುತ್ತದೆ, ಗ್ಯಾಸ್ ಬಿಲ್ ಎಂಬ ಶಬ್ದ ಪಕ್ಕದ ಗುಂಪಿನ ಕಿವಿಗೂ ಬೀಳುತ್ತದೆ. ಬೀಳಲಿ. ಅಕೌಂಟ್ಸ್ ಸೆಕ್ಷನ್ನಿನಲ್ಲೂ ಹಾಗೆಯೇ ಅಲ್ಲವೇ ನಾವು ಕಲಿತದ್ದು.

ಒಂದು ಪೀರಿಯಡ್ ಸಾಲದು. ಎರಡು ಪೀರಿಯಡ್ ಸೇರಿಸಿ ಟೈಮ್‌ಟೇಬಲ್ಲಿನಲ್ಲಿ ಹಾಕಿಸಿಕೊಳ್ಳಿ, ಪ್ರಾಕ್ಟಿಕಲ್ ಎಂದು ಹೇಳಿದರೆ ಸಿಗುತ್ತದೆ. ಮೊದಲ ಇಪ್ಪತ್ತು ನಿಮಿಷ ನೀವು ಬಾಯಿ ತೆರೆಯಬೇಡಿ. ಹೇಳಿದಷ್ಟು ಸುಲಭವಲ್ಲ ಇದು. ತಪ್ಪು ಲೆಕ್ಕ ಕಣ್ಣೆದುರು ಬೆಳೆಯುತ್ತಿರುವಾಗ ಮೇಷ್ಟರ ನಾಲಿಗೆ ತುರಿಸುತ್ತದೆ. ನಾನು ಒಂದು ಲೋಟ ಕಾಫಿ ತರಿಸಿಕೊಂಡು ಕಿಟಕಿ ಹತ್ತಿರ ನಿಲ್ಲುತ್ತೇನೆ, ಬಾಯಿಗೆ ಕೆಲಸ ಇರಲಿ ಅಂತ.

ಮೊದಲ ಪ್ರಶ್ನೆ ‘ಫುಡ್ ಕಾಸ್ಟ್ ಎಷ್ಟು’ ಎಂದಾಗಬಾರದು. ‘ಭಟ್ಟರನ್ನು ಕಳಿಸೋಣವೋ ಬೇಡವೋ, ಕೈ ಎತ್ತಿ’ ಎಂದು ಕೇಳಿ ಎಣಿಕೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಕೊನೆಗೆ ಮತ್ತೆ ಎಣಿಸಿ. ಒಮ್ಮೆ 31ಕ್ಕೆ 5 ಇದ್ದದ್ದು ಕೊನೆಗೆ 4ಕ್ಕೆ 32 ಆಯಿತು. ತಾವು ಎಷ್ಟು ಬೇಗ ತೀರ್ಪು ಕೊಟ್ಟಿದ್ದೆವು ಎಂಬುದನ್ನು ಆ ಮೂಲೆಯ ಅಂಕಿಯೇ ಅವರಿಗೆ ಹೇಳುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ.

ಬೋರ್ಡನ್ನು ಮೂರು ಭಾಗ ಮಾಡಿಕೊಳ್ಳುತ್ತೇನೆ: ಎಡಕ್ಕೆ ಚೀಟಿಯಲ್ಲಿ ಕಂಡದ್ದು, ನಡುವೆ ನಾವು ಊಹಿಸಿದ್ದು, ಬಲಕ್ಕೆ ಯಜಮಾನರನ್ನು ಕೇಳಬೇಕಾದದ್ದು. ‘ಭಟ್ಟರು ಎಣ್ಣೆ ಜಾಸ್ತಿ ಹಾಕುತ್ತಾರೆ’ ಎಂದರೆ ನಡುವಿನ ಭಾಗಕ್ಕೆ. ‘ಎಣ್ಣೆ ಡಬ್ಬ 12’ ಎಂದರೆ ಎಡಕ್ಕೆ. ಎರಡನೇ ಕೇಸಿನ ಹೊತ್ತಿಗೆ ಮಕ್ಕಳೇ ‘ಮೇಡಂ, ಅದು ನಡುವಿಗೆ’ ಎಂದು ಕೂಗಲು ಶುರು ಮಾಡುತ್ತಾರೆ. ಅಷ್ಟಾದರೆ ಆಡಿಟ್ ಎಂಬ ಪದದ ಅರ್ಥ ಹೇಳಿಕೊಡುವ ಕೆಲಸ ಉಳಿಯುವುದಿಲ್ಲ.

ದಸರೆಯ ಕೇಸು: ಚೀಟಿ ಇಲ್ಲದಿದ್ದರೂ ನಡೆಯುವಂಥದ್ದು

ರೂಮುಗಳ ಲೆಕ್ಕಕ್ಕೆ ಮೈಸೂರಿನಲ್ಲಿ ಇರುವ ನನಗೆ 2025 ಬಂಗಾರದಂಥ ಕೇಸ್ ಕೊಟ್ಟಿತು. ಆ ವರ್ಷ ದಸರಾ ಉದ್ಘಾಟನೆಯಾದದ್ದು ಸೆಪ್ಟೆಂಬರ್ 22ಕ್ಕೆ. ಅದೇ ದಿನದಿಂದ ದಿನಕ್ಕೆ ₹7,500ರವರೆಗಿನ ರೂಮುಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಇಳಿಕೆಯ ಜೊತೆ ಒಂದು ಕೊಕ್ಕೆಯೂ ಇತ್ತು: ಹೋಟೆಲಿನವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ತಾವು ಕೊಂಡದ್ದರ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ವರ್ಷಕ್ಕೊಮ್ಮೆ ಊರು ತುಂಬುವ ಹಬ್ಬದ ಬೆಳಿಗ್ಗೆ, ರಿಸೆಪ್ಷನ್ ಮುಂದೆ ಜನ ಸಾಲು ನಿಂತಿರುವಾಗ, ತೆರಿಗೆ ಬದಲು. ಇಂಥದ್ದನ್ನು ಕಲ್ಪಿಸಿ ಬರೆದರೆ ಯಾರೂ ನಂಬುವುದಿಲ್ಲ.

ಕೇಸಿನ ಅತಿಥಿ ಆಗಸ್ಟಿನಲ್ಲೇ ಮೂರು ರಾತ್ರಿಗೆ ಪೂರ್ತಿ ಮುಂಗಡ ಕೊಟ್ಟಿದ್ದಾರೆ. ರೂಮು ₹3,500, ಶೇ. 12 ಸೇರಿ ₹3,920, ಮೂರು ರಾತ್ರಿಗೆ ₹11,760. ಬಂದಿಳಿದದ್ದು ಸೆಪ್ಟೆಂಬರ್ 27ಕ್ಕೆ. ಬಿಲ್ಲು ಹರಿಯುವುದು 30ರ ಬೆಳಿಗ್ಗೆ. ‘ಪೇಪರಿನಲ್ಲಿ ಬಂದಿದೆಯಲ್ಲಾ, ಈಗ ಶೇ. 5’ ಎನ್ನುತ್ತಾರೆ. ಯಜಮಾನರು ‘ದುಡ್ಡು ಬಂದದ್ದು ಹಳೇ ದರದಲ್ಲಿ, ವಾಪಸ್ ಇಲ್ಲ’ ಎನ್ನುತ್ತಾರೆ. ಕೌಂಟರಿನಲ್ಲಿ ನಿಂತ ಹುಡುಗಿ ಏನು ಮಾಡಬೇಕು?

ದರ ಬದಲಾದಾಗ ಯಾವ ದರ ಎಂಬುದಕ್ಕೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್ ಇದೆ. ಅದರ ಜೆರಾಕ್ಸ್ ಕೊಟ್ಟುಬಿಡಿ, ಓದಿ ಬಿಡಿಸುವುದು ಅವರ ಪಾಲಿಗೆ ಇರಲಿ. ಸೇವೆ ಕೊಟ್ಟದ್ದು ದರ ಬದಲಾದ ಮೇಲೆ, ಬಿಲ್ಲು ಆದದ್ದೂ ಆಮೇಲೆ, ಹಣ ಮಾತ್ರ ಮೊದಲೇ ಬಂದಿತ್ತು. ಹಾಗಿದ್ದರೆ ಬಿಲ್ಲಿನ ತಾರೀಖು ಲೆಕ್ಕಕ್ಕೆ, ಅಂದರೆ ಹೊಸ ದರ. ₹3,675ರಂತೆ ₹11,025. ಅತಿಥಿಗೆ ₹735 ಹಿಂದಿರುಗಬೇಕು. ಆಗಸ್ಟಿನಲ್ಲೇ ಬಿಲ್ಲನ್ನೂ ಹರಿದು ಕೊಟ್ಟಿದ್ದರೆ ಉತ್ತರ ಬೇರೆಯಾಗುತ್ತಿತ್ತು, ಹಳೇ ದರವೇ ನಿಲ್ಲುತ್ತಿತ್ತು. ಒಂದು ಚೀಟಿಯ ತಾರೀಖಿಗೆ ₹735ರ ಬೆಲೆ. 21ಕ್ಕೆ ಬಂದು 23ಕ್ಕೆ ಹೋದವರದ್ದು ಏನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕಾಗಿಯೇ ಆ ದಿನ ಊರಿನ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿರುತ್ತೇನೆ. ಭಾಷಣಕ್ಕಲ್ಲ, ಕೇಳಿದರೆ ಮಾತ್ರ ಹೇಳಲು.

ಇದು ತೆರಿಗೆಯ ಪಾಠವಾಯಿತು. ಅಕೌಂಟ್ಸಿನ ಪಾಠ ಇರುವುದು ಯಜಮಾನರ ಸಿಟ್ಟಿನಲ್ಲಿ. ಅವರ ಸಿಟ್ಟಿಗೆ ಅರ್ಥವಿದೆ. ಒಂದು ರೂಮು-ರಾತ್ರಿಗೆ ಬಟ್ಟೆ ಒಗೆತ, ರಿಪೇರಿ, ಏಜೆಂಟರ ಕಮಿಷನ್ನು ಇತ್ಯಾದಿಯ ಮೇಲೆ ಅವರು ₹160 ಜಿಎಸ್‌ಟಿ ಕಟ್ಟುತ್ತಿದ್ದರು ಎಂದು ಕೇಸಿನಲ್ಲಿ ಇಟ್ಟುಕೊಳ್ಳಿ. ಮೊದಲು ಅತಿಥಿಯಿಂದ ₹420 ತೆಗೆದುಕೊಂಡು, ಅದರಲ್ಲಿ 160 ಕಳೆದು, ₹260 ಕಟ್ಟುತ್ತಿದ್ದರು. ಕೈಯಲ್ಲಿ ಉಳಿಯುತ್ತಿದ್ದುದು ಪೂರ್ತಿ ₹3,500. ಈಗ ₹175 ತೆಗೆದುಕೊಂಡು ₹175 ಪೂರ್ತಿ ಕಟ್ಟಬೇಕು, ಆ 160 ಖರ್ಚಾಗಿ ನಿಲ್ಲುತ್ತದೆ. ಕೈಗೆ ₹3,340. ಬಾಡಿಗೆಯನ್ನು ₹3,660 ಮಾಡಿದರೆ ಯಜಮಾನರು ಮೊದಲಿದ್ದಲ್ಲೇ ಇರುತ್ತಾರೆ, ಅತಿಥಿ ಕೊಡುವುದು ₹3,843, ಹಳೆಯ 3,920ಕ್ಕಿಂತ ಇನ್ನೂ ಕಡಿಮೆ. ಏರಿಸೋಣವೇ? ತೆರಿಗೆ ಇಳಿದ ವಾರವೇ ಬಾಡಿಗೆ ಏರಿಸಿದರೆ ಬೋರ್ಡ್ ನೋಡಿದವರು ಏನನ್ನುತ್ತಾರೆ? ಈಗಾಗಲೇ ಬುಕ್ ಮಾಡಿದವರಿಗೆ ಏರಿಸಬಹುದೇ? ಈ ಮೂರು ಪ್ರಶ್ನೆಗೆ ಒಂದೂವರೆ ಗಂಟೆ ಸಾಲದೆ ಕ್ಯಾಂಟೀನಿನಲ್ಲಿ ಮುಂದುವರಿದದ್ದುಂಟು.

ಮೊದಲ ವರ್ಷದವರಿಗೆ ಇದು ಭಾರ. ಅವರಿಗೆ ನಾನು ಕೊಡುವುದು ಎಂಟಿಆರ್‌ನ ಕಥೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದೆವು ಎಂದು ಅವರು ಹೇಳಿಕೊಳ್ಳುತ್ತಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ನಂತರ, ತಿಂಡಿಯ ಬೆಲೆಯನ್ನು ಸರ್ಕಾರ ತೀರಾ ಕೆಳಗೆ ಕಟ್ಟಿಹಾಕಿದಾಗ ಆ ಬೆಲೆಗೆ ಆ ಗುಣಮಟ್ಟ ಕೊಡಲಾಗದೆ ಪೊಟ್ಟಣದ ಪುಡಿ, ಮಿಕ್ಸುಗಳ ವ್ಯಾಪಾರಕ್ಕೆ ಇಳಿದರು. ಮಾರುವ ಬೆಲೆ ನಿಮ್ಮ ಕೈಯಲ್ಲಿಲ್ಲ, ತುಪ್ಪ ಕಡಿಮೆ ಮಾಡಲು ಮನಸ್ಸಿಲ್ಲ, ಅಡುಗೆಯವರಿಗೆ ಸಂಬಳ ಕೊಡಬೇಕು. ನಾಳೆ ಬಾಗಿಲು ತೆರೆಯುತ್ತೀರಾ? ಒಂದೇ ಒಂದು ಅಂಕಿಯಿಲ್ಲದೆ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎರಡೂ ಅವರ ಬಾಯಿಂದಲೇ ಹೊರಬರುತ್ತವೆ.

ಮಾರ್ಕ್ಸು

ಸರಿ ಉತ್ತರಕ್ಕೆ ಮಾರ್ಕ್ಸ್ ಇಟ್ಟರೆ ಮುಂದಿನ ಬ್ಯಾಚಿಗೆ ಉತ್ತರ ವಾಟ್ಸಾಪಿನಲ್ಲಿ ತಲುಪಿರುತ್ತದೆ. ನನಗೆ ಇದು ಎರಡನೇ ವರ್ಷವೇ ಆಯಿತು: ಚೀಲ ಬಿಚ್ಚುವ ಮೊದಲೇ ಒಬ್ಬ ‘ಗ್ಯಾಸು, ಆಳು ಊಟ, ಎಣ್ಣೆ’ ಎಂದ. ಈಗ ಪ್ರತಿ ವರ್ಷ ಒಂದು ಚೀಟಿ ಬದಲಿಸುತ್ತೇನೆ. ಒಮ್ಮೆ ಎಣ್ಣೆಯ ಬದಲು ಹಾಲಿನ ಬಿಲ್ಲು ಎರಡು ಸಲ ಎಂಟ್ರಿ ಆಗಿರುತ್ತದೆ, ಒಮ್ಮೆ ಭಟ್ಟರ ನೆಂಟರ ಮದುವೆಗೆ ಹೋದ ಎರಡು ಡಬ್ಬದ ಕಚ್ಚಾ ಚೀಟಿ ಸಿಗುತ್ತದೆ. ಹೌದು, ಕೆಲವು ವರ್ಷ ಭಟ್ಟರು ನಿಜಕ್ಕೂ ಸಿಕ್ಕಿಬೀಳುತ್ತಾರೆ. ಹಾಗಿಲ್ಲದಿದ್ದರೆ ‘ಕೇಸಿನಲ್ಲಿ ಭಟ್ಟರು ಯಾವಾಗಲೂ ಒಳ್ಳೆಯವರು’ ಎಂಬ ಹೊಸ ಸೂತ್ರ ಬಾಯಿಪಾಠ ಆಗಿಬಿಡುತ್ತದೆ.

ಇಪ್ಪತ್ತರಲ್ಲಿ ಎಂಟು ಅಂಕ ಲೆಕ್ಕದ ಹಾಳೆಗೆ, ಅಂದರೆ ಯಾವ ಅಂಕಿ ಯಾವ ಚೀಟಿಯಿಂದ ಬಂತು ಎಂದು ತೋರಿಸಿದ್ದಕ್ಕೆ. ಉಳಿದ ಹನ್ನೆರಡು ಯಜಮಾನರಿಗೆ ಬರೆಯುವ ಪತ್ರಕ್ಕೆ. ಕನ್ನಡದಲ್ಲಿ, ಒಂದು ಪುಟ ಮೀರದಂತೆ, ‘ಕಾಸ್ಟ್ ಆಫ್ ಗೂಡ್ಸ್ ಸೋಲ್ಡ್’ ಎಂಬ ಮಾತು ಬಳಸದೆ. ಇಲ್ಲಿ ಮಕ್ಕಳು ತಡವರಿಸುವಷ್ಟು ಮತ್ತೆಲ್ಲೂ ತಡವರಿಸುವುದಿಲ್ಲ. ಶೇ. 34.9 ಎಂದು ಕಂಡುಹಿಡಿದ ಜಾಣರೇ ‘ವೇರಿಯನ್ಸ್ ಅಡ್ವರ್ಸ್ ಆಗಿರುತ್ತದೆ’ ಎಂದು ಬರೆದು ಕೂತಿರುತ್ತಾರೆ. ರಾತ್ರಿ ಒಂಬತ್ತಕ್ಕೆ ದಣಿದು ಕೂತ ಐವತ್ತೈದರ ಮನುಷ್ಯನಿಗೆ, ಅವರ ಅನುಮಾನ ಬಹುಪಾಲು ತಪ್ಪು ಎಂದು, ಅವರಿಗೆ ಮುಖಭಂಗ ಆಗದಂತೆ, ಹೊಸ ಹುಡುಗನ ಕೆಲಸವೂ ಹೋಗದಂತೆ ಹೇಳಬೇಕು. ಕಲಿಸಬೇಕಾದ ಅಕೌಂಟ್ಸ್ ಇದೇ ಎಂಬುದು ನನ್ನ ಹಟ. ಸೆಮಿನಾರುಗಳಲ್ಲಿ ಕೆಲವರು ಇದು ಭಾಷೆಯ ಮೇಷ್ಟರ ಕೆಲಸ ಎಂದಿದ್ದಾರೆ. ಅವರು ಬಹುಶಃ ಯಜಮಾನರ ಎದುರು ನಿಂತು ಲೆಕ್ಕ ಒಪ್ಪಿಸಿದವರಲ್ಲ.

ಹೋದ ಬ್ಯಾಚಿನಲ್ಲಿ ಕುಂದಾಪುರ ಕಡೆಯ ಒಬ್ಬ ಹುಡುಗ ಬರೆದದ್ದನ್ನು ಇಟ್ಟುಕೊಂಡಿದ್ದೇನೆ. ಲೆಕ್ಕದ ಹಾಳೆಯಲ್ಲಿ ಎಂಟಕ್ಕೆ ಐದು ಬಂದಿತ್ತು, ಎಣ್ಣೆ ಡಬ್ಬ ತಪ್ಪಿಸಿಕೊಂಡಿದ್ದ. ಪತ್ರಕ್ಕೆ ಹನ್ನೆರಡಕ್ಕೆ ಹನ್ನೊಂದು ಕೊಟ್ಟೆ: ‘ಧಣಿ, ಗ್ಯಾಸಿನ ದುಡ್ಡು ಮತ್ತು ನಮ್ಮ ಊಟದ ದುಡ್ಡು ತಿಂಡಿ ಲೆಕ್ಕದಲ್ಲಿ ಸೇರಿಹೋಗಿದೆ. ರಾಯರು ಇದ್ದಾಗ ಬೇರೆ ಬರೆಯುತ್ತಿದ್ದರು. ನಾಳೆಯಿಂದ ನಾನೂ ಬೇರೆ ಬರೆಯುತ್ತೇನೆ. ಭಟ್ಟರನ್ನು ಏನೂ ಕೇಳಬೇಡಿ. ಈ ತಿಂಗಳು ಕೊನೆಯ ದಿನ ರಾತ್ರಿ ಉಗ್ರಾಣ ಎಣಿಸುವಾಗ ಭಟ್ಟರನ್ನೂ ಜೊತೆಗೆ ಕರೆದುಕೊಳ್ಳುವ, ನೀವೂ ಬನ್ನಿ.’